ಆಗಸ್ಟ್‌ನಲ್ಲಿ ಶ್ರೀಲಂಕಾ, ಎಂಟು ದಿನ: ಈ ಪ್ಲಾನ್ ನಡೆಯುತ್ತಾ?

ಹೊಸಹಾದಿ:

ಮೊದಲ ಸಲ ದೇಶದ ಹೊರಗೆ ಹೊರಟಿದ್ದೇವೆ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಜೊತೆಗೆ ಅಮ್ಮ. ಅಮ್ಮನಿಗೆ ಮಂಡಿ ನೋವು. ಸಮತಟ್ಟು ಜಾಗದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮುಖ ಸಣ್ಣ ಮಾಡುತ್ತಾರೆ. ಪಕ್ಕಾ ಸಸ್ಯಾಹಾರಿ ಬೇರೆ. ಆಗಸ್ಟ್ ಮಧ್ಯದಲ್ಲಿ ಎಂಟು ದಿನ ಸಿಕ್ಕಿದೆ. ವಿಮಾನದ ಟಿಕೆಟ್ ಆಗಿಹೋಗಿದೆ, ಹಾಗಾಗಿ ತಿಂಗಳು ಬದಲಿಸಿ ಅನ್ನಬೇಡಿ ದಯವಿಟ್ಟು.

ಮ್ಯಾಪ್ ಮುಂದಿಟ್ಟುಕೊಂಡು ನಾನು ಬರೆದದ್ದು ಹೀಗಿದೆ: ಇಳಿದ ದಿನ ಕೊಲಂಬೊ, ಆಮೇಲೆ ಅನುರಾಧಪುರ, ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ‘ಎಲ್ಲ’ ಅನ್ನುವ ಊರು, ಯಾಲದಲ್ಲಿ ಸಫಾರಿ, ಮಿರಿಸ್ಸದಲ್ಲಿ ತಿಮಿಂಗಿಲ, ಗಾಲೆ ಕೋಟೆ, ವಾಪಸ್. ಹೆಚ್ಚುಕಡಿಮೆ ದಿನಕ್ಕೊಂದು ಊರು. ದ್ವೀಪ ಚಿಕ್ಕದು, ಹೆಚ್ಚಿನ ಕಡೆ ನೂರು ನೂರೈವತ್ತು ಕಿಲೋಮೀಟರ್ ಒಳಗೇ ಇದೆ, ಕಾರು ಮಾಡಿಕೊಂಡರೆ ಆರಾಮಾಗಿ ಆಗುತ್ತದೆ ಅಂತ ನನ್ನ ಲೆಕ್ಕ. ಮನೆಯಲ್ಲಿ ಮಾತ್ರ "ಇದೇನು ಪ್ರವಾಸವೋ ಓಟದ ಪಂದ್ಯವೋ" ಅಂತಿದ್ದಾರೆ. ಹೋಗಿ ಬಂದವರು ಹೇಳಿ, ಏನು ಬಿಡಬೇಕು?

ಕಡಲಹಕ್ಕಿ:

ಮನೆಯವರು ಹೇಳಿದ್ದು ಸರಿ ಇದೆ. ಆದರೆ ಓಟಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನೀವು ಆರಿಸಿಕೊಂಡಿರುವ ಕಡಲು ತಪ್ಪು.

ಶ್ರೀಲಂಕಾಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ, ಅದು ಕೊಲಂಬೊ, ಗಾಲೆ, ಮಿರಿಸ್ಸ ಕಡೆಗೆ ಬಡಿಯುತ್ತದೆ. ಚಳಿಗಾಲದಲ್ಲಿ ಈಶಾನ್ಯ ಮಾರುತ, ಆಗ ತ್ರಿಕೋನಮಲೆ ಕಡೆ ಮಳೆ. ನಡುವೆ ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲಿ ಬೇಕಾದರೂ ಸುರಿಯಬಹುದು. ಅಂದರೆ ಒಂದು ಕರಾವಳಿ ಕೆಟ್ಟಿರುವಾಗ ಇನ್ನೊಂದು ಚೆನ್ನಾಗಿರುತ್ತದೆ. ಬೀಚ್ ಫೋಟೊ ಹಾಕುವವರು ಯಾವ ತಿಂಗಳು ಅಂತ ಬರೆಯುವುದೇ ಇಲ್ಲ ನೋಡಿ, ಸಮಸ್ಯೆ ಅಲ್ಲಿ.

ಮಿರಿಸ್ಸದಲ್ಲಿ ತಿಮಿಂಗಿಲ ನೋಡುವ ಕಾಲ ನವೆಂಬರ್‌ನಿಂದ ಏಪ್ರಿಲ್. ಆಗಸ್ಟ್‌ನಲ್ಲಿ ಅಲ್ಲಿ ಕಡಲು ಒರಟು. ಪ್ರತಿದಿನ ಮಳೆ ಬಂದೇ ಬರುತ್ತದೆ ಅಂತಲ್ಲ, ಬಿಸಿಲೂ ಸಿಗಬಹುದು. ಆದರೆ ಮಗಳನ್ನು ನೀರಿಗೆ ಬಿಡುವ ಧೈರ್ಯ ಬರುವುದಿಲ್ಲ, ದಡದಲ್ಲಿ ಕೆಂಪು ಬಾವುಟ ನೋಡಿಕೊಂಡು ಕೂರಬೇಕಷ್ಟೆ. ಅದೇ ಹೊತ್ತಿಗೆ ಪೂರ್ವದಲ್ಲಿ, ತ್ರಿಕೋನಮಲೆ ಪಕ್ಕದ ನಿಲಾವೇಲಿಯಲ್ಲಿ, ನೀರು ಶಾಂತ, ತಿಳಿ. ಎದುರಿಗೇ ಪಿಜನ್ ಐಲ್ಯಾಂಡ್ ಇದೆ, ಅದು ರಾಷ್ಟ್ರೀಯ ಉದ್ಯಾನ. ದೋಣಿಯಲ್ಲಿ ಹೋಗಿ ಮುಖಕ್ಕೆ ಮಾಸ್ಕ್ ಹಾಕಿ ನೀರಲ್ಲಿ ತಲೆ ಮುಳುಗಿಸಿದರೆ ಹವಳ, ಬಣ್ಣದ ಮೀನು. ಅದೃಷ್ಟ ಇದ್ದರೆ ರೆಕ್ಕೆ ತುದಿ ಕಪ್ಪಗಿರುವ ಪುಟ್ಟ ಶಾರ್ಕ್ ಕೂಡ, ಅದೇನೂ ಮಾಡುವುದಿಲ್ಲ. ಹವಳದ ಮೇಲೆ ಕಾಲಿಡಬೇಡಿ ಅಂತ ಮಗಳಿಗೆ ಮೊದಲೇ ಹೇಳಿಡಿ.

ಹಾಗಾಗಿ ಮಿರಿಸ್ಸ, ಗಾಲೆ, ಯಾಲ ಮೂರನ್ನೂ ಹೊಡೆದುಹಾಕಿ. ಯಾಲ ಬಿಟ್ಟರೆ ಆನೆ ತಪ್ಪಿತು ಅಂತ ಬೇಜಾರು ಬೇಡ. ಒಣ ಕಾಲದಲ್ಲಿ ಮಿನ್ನೇರಿಯ ಕೆರೆ ಬತ್ತಿ ಅಂಚಲ್ಲಿ ಹುಲ್ಲು ಚಿಗುರುತ್ತದೆ, ಅದನ್ನು ತಿನ್ನಲು ಸುತ್ತಲಿನ ಕಾಡಿನ ಆನೆಗಳು ನೂರರ ಲೆಕ್ಕದಲ್ಲಿ ಬಂದು ಸೇರುತ್ತವೆ. ಆಗಸ್ಟ್, ಸೆಪ್ಟೆಂಬರ್ ಅದಕ್ಕೆ ಸರಿಯಾದ ಸಮಯ. ಸಿಗಿರಿಯದಿಂದ ಹತ್ತಿರ. ಕೆಲವು ದಿನ ಹಿಂಡು ಪಕ್ಕದ ಕೌಡುಲ್ಲಕ್ಕೆ ಹೋಗಿರುತ್ತದೆ, ಆವತ್ತು ಎಲ್ಲಿವೆ ಅಂತ ಜೀಪಿನವರಿಗೆ ಗೊತ್ತಿರುತ್ತದೆ. ಮಿನ್ನೇರಿಯವೇ ಬೇಕು ಅಂತ ಹಟ ಮಾಡದೆ ಅವರು ಹೇಳಿದ ಕಡೆ ಹೋಗಿ.

ನಿಧಾನಿ:

ಮೇಲಿನವರು ಕಡಲಿನ ವಿಷಯ ಹೇಳಿದರು. ನಾನು ರಸ್ತೆ ಬಗ್ಗೆ ಹೇಳುತ್ತೇನೆ.

ಕಿಲೋಮೀಟರ್ ನೋಡಬೇಡಿ, ಗಂಟೆ ನೋಡಿ. ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಹೆಚ್ಚಿನ ರಸ್ತೆ ಎರಡೇ ಸಾಲು, ಬಸ್ಸು, ತ್ರಿಚಕ್ರ, ಶಾಲೆ ಮಕ್ಕಳು ಎಲ್ಲ ಅದರಲ್ಲೇ. ಕಟುನಾಯಕ ವಿಮಾನ ನಿಲ್ದಾಣದಿಂದ ಸಿಗಿರಿಯ ಸುಮಾರು 150 ಕಿಲೋಮೀಟರ್, ನಾಲ್ಕು ಗಂಟೆ ಅಂತ ಇಟ್ಟುಕೊಳ್ಳಿ. ಕ್ಯಾಂಡಿಯಿಂದ ನುವರ ಎಲಿಯ 75 ಕಿಲೋಮೀಟರ್ ಅಷ್ಟೇ, ಆದರೆ ತಿರುವು ತಿರುವು, ಎರಡೂವರೆ ಮೂರು ಗಂಟೆ. ಮಗು ಹಿಂದೆ ಕೂತು ವಾಂತಿ ಮಾಡಿಕೊಂಡರೆ ಇನ್ನೂ ಅರ್ಧ ಗಂಟೆ ಸೇರಿಸಿ. ಇನ್ನೊಂದು, ಸಮಭಾಜಕದ ಹತ್ತಿರ ವರ್ಷಪೂರ್ತಿ ಹಗಲು ಹನ್ನೆರಡು ಗಂಟೆ ಆಸುಪಾಸು. ಸಂಜೆ ಆರೂವರೆಗೆಲ್ಲ ಕತ್ತಲೆ. ಮಧ್ಯಾಹ್ನ ಹನ್ನೊಂದರಿಂದ ಮೂರು ಬಿಸಿಲು, ಸೆಕೆ, ಹೊರಗೆ ಸುತ್ತುವುದು ಕಷ್ಟ. ಅಂದರೆ ನಿಮ್ಮ ಕೈಯಲ್ಲಿರುವುದು ಬೆಳಿಗ್ಗೆ ಒಂದು ನೋಟ, ಸಂಜೆ ಒಂದು ನೋಟ, ಮಧ್ಯೆ ಪ್ರಯಾಣ ಅಥವಾ ನಿದ್ದೆ.

ಎಂಟು ದಿನಕ್ಕೆ ಏಳು ರಾತ್ರಿ. ಕೊನೆಯ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ನೆಗೊಂಬೊದಲ್ಲಿ ಇಡಿ, ಘಟ್ಟದಿಂದ ನೇರ ಇಳಿದು ವಿಮಾನ ಹಿಡಿಯುತ್ತೇನೆ ಅನ್ನುವುದು ಹುಚ್ಚು. ಉಳಿದದ್ದು ಆರು. ಎರಡು ರಾತ್ರಿಯಂತೆ ಮೂರು ಊರು, ಅಷ್ಟೇ. ಹಬರಣ ಅಥವಾ ಸಿಗಿರಿಯ, ತ್ರಿಕೋನಮಲೆ, ಕ್ಯಾಂಡಿ. ಹಬರಣದಿಂದ ತ್ರಿಕೋನಮಲೆ ಎರಡು ಗಂಟೆ. ಅಲ್ಲಿಂದ ಕ್ಯಾಂಡಿಗೆ ನಾಲ್ಕೂವರೆ ಐದು ಗಂಟೆ, ದಾರಿಯಲ್ಲಿ ದಂಬುಲ್ಲ ಗುಹೆ ನೋಡಿಕೊಂಡರೆ ಒಂದು ದಿನ ಮುಗಿಯಿತು.

ಕೊಲಂಬೊ ಬಿಡಿ. ಅನುರಾಧಪುರ ನನಗೆ ಇಷ್ಟ, ಆದರೆ ಬಿಸಿಲಲ್ಲಿ ಒಂಬತ್ತು ವರ್ಷದ ಮಗುವಿಗೆ ಸ್ತೂಪದ ಮೇಲೆ ಸ್ತೂಪ ತೋರಿಸಿದರೆ ನಿಮ್ಮ ಗತಿ ಏನು? ಅದನ್ನೂ ಬಿಡಿ. ನುವರ ಎಲಿಯ ಆಗಸ್ಟ್‌ನಲ್ಲಿ ಮಂಜು, ಜಿಟಿಜಿಟಿ. ನಮ್ಮ ಕಡೆ ಗಿರಿಧಾಮ ನೋಡಿದವರಿಗೆ ಅದರಲ್ಲಿ ಹೊಸದೇನೂ ಇಲ್ಲ.

ಕಂಬಿಮೇಲೆ:

ನುವರ ಎಲಿಯ ಬಿಡಿ, ಒಪ್ಪುತ್ತೇನೆ. ಆದರೆ ‘ಎಲ್ಲ’ ಬಿಟ್ಟು ಶ್ರೀಲಂಕಾ ನೋಡಿದೆ ಅನ್ನುವುದನ್ನು ಒಪ್ಪುವುದಿಲ್ಲ ಸ್ವಾಮಿ. ಆಗಸ್ಟ್ ಅಂದ ಕೂಡಲೇ ಇಡೀ ಘಟ್ಟ ಒದ್ದೆ ಅಂದುಕೊಳ್ಳುವುದು ತಪ್ಪು. ನೈಋತ್ಯದ ಮಳೆ ಹ್ಯಾಟನ್, ನುವರ ಎಲಿಯ ಕಡೆ ಸುರಿದು ಮುಗಿಯುತ್ತದೆ, ಬೆಟ್ಟದ ಆ ಮಗ್ಗುಲಿನ ಊವ ಪ್ರಾಂತ್ಯಕ್ಕೆ ಬರುವಷ್ಟರಲ್ಲಿ ಒಣ ಗಾಳಿ. ಊವದ ಟೀ ಅತ್ಯುತ್ತಮವಾಗುವುದು ಇದೇ ಜುಲೈಯಿಂದ ಸೆಪ್ಟೆಂಬರ್‌ನಲ್ಲಿ, ಆ ಒಣ ಗಾಳಿಯಿಂದಲೇ. ‘ಎಲ್ಲ’ ಇರುವುದು ಆ ಮಗ್ಗುಲಲ್ಲಿ.

ಕ್ಯಾಂಡಿಯಿಂದ ರೈಲಿನಲ್ಲಿ ಆರೇಳು ಗಂಟೆ. ಉದ್ದ ಅನಿಸಿದರೆ ನುವರ ಎಲಿಯ ಹತ್ತಿರದ ‘ನಾನುಓಯ’ ನಿಲ್ದಾಣದವರೆಗೆ ಕಾರು, ಅಲ್ಲಿಂದ ರೈಲು. ಚೆಂದದ ಭಾಗ ಅದೇ. ಪಟ್ಟಿಪೊಲ ನಿಲ್ದಾಣ 1,891 ಮೀಟರ್ ಎತ್ತರದಲ್ಲಿದೆ, ಅದಾದ ಮೇಲೆ ಸುರಂಗ ದಾಟಿ ಹಪುತಳೆ ಬರುವಾಗ ಒಂದು ಕಡೆ ನೆಲವೇ ಇಲ್ಲದ ಹಾಗೆ ಕಣಿವೆ ತೆರೆದುಕೊಳ್ಳುತ್ತದೆ. ಎಸಿ ಇರುವ ಫಸ್ಟ್ ಕ್ಲಾಸ್ ತಗೊಳ್ಳಬೇಡಿ, ಕಿಟಕಿ ತೆರೆಯುವುದಿಲ್ಲ. ಸೆಕೆಂಡ್ ಕ್ಲಾಸ್ ರಿಸರ್ವ್ಡ್ ಸಾಕು, ಫ್ಯಾನು, ತೆರೆದ ಕಿಟಕಿ, ಪ್ರತಿ ನಿಲ್ದಾಣದಲ್ಲೂ ಕಾಗದದಲ್ಲಿ ಸುತ್ತಿದ ಬಿಸಿ ವಡೆ ಮಾರುವವರು. ಬುಕಿಂಗ್ 30 ದಿನ ಮೊದಲು ತೆರೆಯುತ್ತದೆ, ಆವತ್ತೇ ಮಾಡಿ. ಇನ್ನೊಂದು ವಿಷಯ: ‘ಎಲ್ಲ’ ದಾಟಿ ಬದುಳ್ಳಕ್ಕೆ ಹೋಗುವ ರೈಲುಗಳೆಲ್ಲವೂ ಕ್ಯಾಂಡಿ ಒಳಗೆ ಬರುವುದಿಲ್ಲ, ಕೆಲವು ಪೆರಾದೆನಿಯ ಜಂಕ್ಷನ್‌ನಿಂದಲೇ ತಿರುಗಿ ಹೋಗುತ್ತವೆ. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಅಂತ ನೋಡಿಕೊಳ್ಳಿ. ಬಾಗಿಲಲ್ಲಿ ನೇತಾಡಿ ಫೋಟೊ ತೆಗೆಸಿಕೊಳ್ಳುವ ಚಾಳಿ ಬೇಡ, ಜನ ಬಿದ್ದು ಸತ್ತಿದ್ದಾರೆ.

ಎಲ್ಲಕ್ಕಿಂತ ಮೊದಲು, 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಲ್ಲಿ ಘಟ್ಟದ ಹಳಿಗೆ ದೊಡ್ಡ ಪೆಟ್ಟು ಬಿದ್ದಿತ್ತು. ಯಾವ ಭಾಗದಲ್ಲಿ ರೈಲು ಓಡುತ್ತಿದೆ ಅಂತ ಖಾತ್ರಿ ಮಾಡಿಕೊಂಡೇ ಹೋಟೆಲ್‌ಗೆ ದುಡ್ಡು ಕಟ್ಟಿ.

ನಿಧಾನಿ:

ರೈಲು ಚೆಂದ, ಇಲ್ಲ ಅಂದವರು ಯಾರು? ಆದರೆ ‘ಎಲ್ಲ’ ಸೇರಿಸಿದರೆ ತ್ರಿಕೋನಮಲೆ ಬಿಡಬೇಕು. ಎರಡೂ ಇಟ್ಟುಕೊಂಡರೆ ಮತ್ತೆ ಅದೇ ಓಟ. ಕಡಲಾ, ರೈಲಾ, ಅವರೇ ತೀರ್ಮಾನ ಮಾಡಲಿ.

ಸಾರುಪ್ರಿಯೆ:

ಅಮ್ಮನ ವಿಷಯ ಯಾರೂ ಮಾತಾಡಲಿಲ್ಲ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಸಿಗಿರಿಯ ಬಂಡೆ ಹತ್ತಲು ಸುಮಾರು 1,200 ಮೆಟ್ಟಿಲು. ಮಂಡಿ ನೋವಿದ್ದರೆ ಬೇಡವೇ ಬೇಡ. "ಪಿದುರಂಗಲ ಸುಲಭ, ಅಲ್ಲಿಗೆ ಹೋಗಿ" ಅಂತ ಯಾರಾದರೂ ಹೇಳುತ್ತಾರೆ. ಅದು ಪಕ್ಕದ ಇನ್ನೊಂದು ಬಂಡೆ, ಚಿಕ್ಕದು ನಿಜ, ಆದರೆ ಕೊನೆಯಲ್ಲಿ ಬಂಡೆಗಳ ಮೇಲೆ ಕೈ ಊರಿ ಹತ್ತಬೇಕು. ಅಮ್ಮನಿಗೆ ಕೆಳಗಿನ ತೋಟವೇ ಸಾಕು. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಮಾಡಿಸಿದ ನೀರಿನ ತೋಟ, ನೇರ ಕಾಲುದಾರಿ, ಕೊಳ, ಎದುರಿಗೆ ಬಂಡೆ. ಒಬ್ಬರು ಅಮ್ಮನ ಜೊತೆ ಇರಿ, ಉಳಿದವರು ಗೇಟ್ ತೆಗೆಯುವ ಹೊತ್ತಿಗೇ ಹತ್ತಲು ಶುರು ಮಾಡಿ. ಅರ್ಧದಲ್ಲಿ ಕಬ್ಬಿಣದ ಸುರುಳಿ ಮೆಟ್ಟಿಲು ಹತ್ತಿದರೆ ಚಿತ್ರಗಳು, ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ. ಅದರ ಮೇಲೆ ಸಿಂಹದ ಎರಡು ದೊಡ್ಡ ಪಂಜ. ಅಲ್ಲಿ ಹೆಜ್ಜೇನಿನಂಥ ಕಣಜಗಳ ಗೂಡಿದೆ, ಗಲಾಟೆ ಮಾಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ. ವಿದೇಶಿಯರ ಟಿಕೆಟ್ ದುಬಾರಿ, ಆದರೆ ಸಾರ್ಕ್ ದೇಶದವರಿಗೆ, ಅಂದರೆ ನಮಗೂ, ಕಡಿಮೆ ದರ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.

ದಂಬುಲ್ಲಕ್ಕೂ ಮೆಟ್ಟಿಲಿದೆ, ಕಡಿಮೆ, ನಿಧಾನಕ್ಕೆ ಕೂತು ಎದ್ದು ಹತ್ತಬಹುದು. ಟಿಕೆಟ್ ಮಾತ್ರ ಕೆಳಗೇ ತಗೊಳ್ಳಿ. ಚಪ್ಪಲಿ ಬಿಟ್ಟು ನಡೆಯುವಾಗ ಕಲ್ಲು ಸುಡುತ್ತದೆ, ಒಂದು ಜೊತೆ ಕಾಲುಚೀಲ ಒಯ್ಯಿರಿ. ಬುದ್ಧನ ಮೂರ್ತಿಗೆ ಬೆನ್ನು ತೋರಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿ ಸಹಿಸುವುದಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಊಟದ ಬಗ್ಗೆ ಹೆದರಬೇಡಿ, ಎಚ್ಚರ ಇರಲಿ. ಅನ್ನ, ಪರಿಪ್ಪು ಅನ್ನುವ ಬೇಳೆ, ಹಲಸಿನಕಾಯಿ ಪಲ್ಯ, ಅಪ್ಪ, ಇಡಿಯಪ್ಪ, ನಮ್ಮ ಬಾಯಿಗೆ ಹೊಂದುತ್ತದೆ. ತೊಂದರೆ ಇರುವುದು ತೆಂಗಿನಕಾಯಿ ಚಟ್ನಿಯಲ್ಲಿ. ಪೊಳ್ ಸಂಬೋಲ ನೋಡಲು ಕಾಯಿ ಚಟ್ನಿಯೇ, ಆದರೆ ಅದಕ್ಕೆ ಉಂಬಲಕಡ ಅಂತ ಒಣಗಿಸಿದ ಮೀನಿನ ಪುಡಿ ಹಾಕುತ್ತಾರೆ, ತರಕಾರಿ ಪಲ್ಯಕ್ಕೂ ಕೆಲವು ಸಲ ಬೀಳುತ್ತದೆ. "ವೆಜಿಟೇರಿಯನ್" ಅಂತ ಮಾತ್ರ ಹೇಳಿದರೆ ಸಾಲದು, "ಉಂಬಲಕಡ ಎಪಾ" ಅಂತ ಹೇಳಿ, ಬೇಡ ಅಂತ ಅರ್ಥ. ತ್ರಿಕೋನಮಲೆಯಲ್ಲಿ ತಮಿಳರ ಸೈವ, ಅಂದರೆ ಸಸ್ಯಾಹಾರಿ ಹೋಟೆಲ್ ಸಿಗುತ್ತವೆ, ಇಡ್ಲಿ, ದೋಸೆ, ಅಮ್ಮ ನಿಶ್ಚಿಂತೆ. ಮೇಲಾಗಿ ಕೋಣೇಶ್ವರ ದೇವಸ್ಥಾನ ಇದೆ, ಡಚ್ಚರ ಕಾಲದ ಫ್ರೆಡರಿಕ್ ಕೋಟೆಯ ಒಳಗೆ, ಕಡಲ ಮೇಲೆ ಚಾಚಿದ ಬಂಡೆಯ ತುದಿಯಲ್ಲಿ. ಕೋಟೆ ಒಳಗೆ ಜಿಂಕೆಗಳು ಹಸುಗಳ ಹಾಗೆ ರಸ್ತೆಯಲ್ಲೇ ಓಡಾಡಿಕೊಂಡಿರುತ್ತವೆ. ನಿಮ್ಮ ಮಗಳು ಅಲ್ಲೇ ಅರ್ಧ ದಿನ ಕಳೆಯುತ್ತಾಳೆ ನೋಡಿ.

ಹೊಸಹಾದಿ:

ಅಬ್ಬಾ, ಇಷ್ಟೆಲ್ಲ ಬರೆದಿದ್ದೀರಿ. ಜಿಂಕೆ, ಈಶ್ವರ ಎರಡೂ ಒಂದೇ ಕಡೆ ಅಂದ ಮೇಲೆ ತ್ರಿಕೋನಮಲೆ ಗೆದ್ದಿತು. ‘ಎಲ್ಲ’ ಇನ್ನೊಂದು ಸಲಕ್ಕೆ. ವೀಸಾ, ದುಡ್ಡು, ಸೊಳ್ಳೆ ಬಗ್ಗೆ ಯಾರಾದರೂ ಎರಡು ಮಾತು ಹೇಳಿ. ಕ್ಯಾಂಡಿಯಲ್ಲಿ ಪೆರಹೆರ ಅನ್ನುವ ಮೆರವಣಿಗೆ ನಡೆಯುವ ಸಮಯ ಅಂತ ಈಗ ಗೊತ್ತಾಯಿತು, ನೋಡಬಹುದಾ?

ಕಡಲಹಕ್ಕಿ:

ವೀಸಾ: ಇಟಿಎ ಅಂತ ಪ್ರಯಾಣದ ಅನುಮತಿ ಇದೆ, ಹೊರಡುವ ಮೊದಲೇ ಆನ್‌ಲೈನ್ ಮಾಡಿ. ಸರ್ಕಾರದ ಜಾಲತಾಣದ ವಿಳಾಸ ಗವ್ ಡಾಟ್ ಎಲ್‌ಕೆ ಅಂತ ಮುಗಿಯುತ್ತದೆ. ಅದೇ ಥರ ಕಾಣುವ ಬೇರೆ ಸೈಟ್‌ಗಳು ಸುಮ್ನೆ ದುಡ್ಡು ಕೀಳುತ್ತವೆ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಅಲ್ಲೇ ನೋಡಿ.

ದುಡ್ಡು: ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು ರೂಪಾಯಿಗಿಂತ ಜಾಸ್ತಿ. 2024ರ ಫೆಬ್ರವರಿಯಿಂದ ಯುಪಿಐ ಶುರುವಾಗಿದೆ, ಲಂಕಾ ಕ್ಯೂಆರ್ ಇರುವ ಕೆಲವು ಅಂಗಡಿಯಲ್ಲಿ ನಡೆಯುತ್ತದೆ, ಆದರೆ ಅದನ್ನೇ ನಂಬಿ ಹೋಗಬೇಡಿ. ತ್ರಿಚಕ್ರಕ್ಕೆ, ದೇವಸ್ಥಾನಕ್ಕೆ ನಗದು ಬೇಕು. ಊರೊಳಗೆ ಓಡಾಡಲು ಪಿಕ್‌ಮಿ ಆ್ಯಪ್ ಹಾಕಿಕೊಳ್ಳಿ, ಚೌಕಾಸಿ ತಪ್ಪುತ್ತದೆ.

ಸೊಳ್ಳೆ: ಮಲೇರಿಯಾ ಇಲ್ಲ, 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹಾಗಂತ ಘೋಷಿಸಿದೆ. ಡೆಂಗಿ ಇದೆ. ಆ ಸೊಳ್ಳೆ ಹಗಲಲ್ಲೇ ಕಚ್ಚುವುದು, ಹಾಗಾಗಿ ಮುಲಾಮು ಬೆಳಿಗ್ಗೆಯೇ ಹಚ್ಚಿ.

ಕಂಬಿಮೇಲೆ:

ಪೆರಹೆರ ನೋಡಿ, ಆದರೆ ಲೆಕ್ಕ ಹಾಕಿ ನೋಡಿ. ಅದು ನಿಕಿಣಿ ಹುಣ್ಣಿಮೆಗೆ ಮುಗಿಯುತ್ತದೆ, ಹುಣ್ಣಿಮೆ ವರ್ಷಕ್ಕೊಂದು ದಿನಾಂಕಕ್ಕೆ ಬೀಳುತ್ತದೆ, ನಿಮ್ಮ ತಾರೀಕಿಗೆ ತಾಳೆ ಹಾಕಿ. ಮೊದಲ ಐದು ರಾತ್ರಿ ಕುಂಬಲ್ ಪೆರಹೆರ, ಸ್ವಲ್ಪ ಚಿಕ್ಕದು. ಕೊನೆಯ ಐದು ರಾತ್ರಿ ರಂದೋಲಿ, ಅದು ಭರ್ಜರಿ. ಮೊದಲು ಚಾಟಿ ಬೀಸುವವರು, ಆಮೇಲೆ ಪಂಜು, ಡೋಲು, ಕುಣಿತ, ಸಾಲಂಕೃತ ಆನೆಗಳು, ದೊಡ್ಡ ದಂತದ ಆನೆಯ ಮೇಲೆ ಬುದ್ಧನ ಹಲ್ಲಿನ ಕರಂಡಕದ ಪ್ರತಿರೂಪವಾದ ಪೆಟ್ಟಿಗೆ. ರಂದೋಲಿ ರಾತ್ರಿಗಳಲ್ಲಿ ರೂಮಿನ ಬಾಡಿಗೆ ಎರಡು ಮೂರು ಪಟ್ಟು ಕೇಳುತ್ತಾರೆ, ಮಧ್ಯಾಹ್ನದಿಂದಲೇ ರಸ್ತೆ ಮುಚ್ಚುತ್ತಾರೆ. ಅಮ್ಮ, ಮಗು ಇಬ್ಬರನ್ನೂ ಫುಟ್‌ಪಾತ್ ಮೇಲೆ ಗಂಟೆಗಟ್ಟಲೆ ಕೂರಿಸುವ ಬದಲು ದುಡ್ಡು ಕೊಟ್ಟು ಕುರ್ಚಿ ಹಿಡಿಯಿರಿ. ನಾನಾಗಿದ್ದರೆ ಕುಂಬಲ್ ರಾತ್ರಿಗೆ ಹೋಗುತ್ತಿದ್ದೆ, ಜನ ಕಡಿಮೆ. ಹುಣ್ಣಿಮೆ ದಿನ ಅಂದರೆ ಪೋಯ, ದೇಶಕ್ಕೇ ರಜೆ, ಮದ್ಯ ಮಾರುವುದಿಲ್ಲ, ಅಂಗಡಿಗಳೂ ಕೆಲವು ಮುಚ್ಚಿರುತ್ತವೆ.

ಮತ್ತೆ, ‘ಎಲ್ಲ’ ಬಿಟ್ಟಿರಿ ಅಂತ ರೈಲೂ ಬಿಡಬೇಡಿ. ಕ್ಯಾಂಡಿಯಿಂದ ಕೊಲಂಬೊ ಫೋರ್ಟ್‌ಗೆ ಬರುವ ಹಳಿ 1867ರದು, ಕಡುಗಣ್ಣಾವ ಘಟ್ಟ ಇಳಿಯುತ್ತದೆ. ಮೂರು ಗಂಟೆ ಚಿಲ್ಲರೆ ಅಷ್ಟೇ. ಏಳನೇ ದಿನ ಸಾಮಾನನ್ನು ಕಾರಿನವರ ಜೊತೆ ಮುಂದೆ ಕಳಿಸಿ ನೀವು ನಾಲ್ವರೂ ರೈಲಿನಲ್ಲಿ ಬನ್ನಿ, ಫೋರ್ಟ್‌ನಿಂದ ಅದೇ ಕಾರಿನಲ್ಲಿ ನೆಗೊಂಬೊ. ಆ ದಾರಿಯೂ ತೆರೆದಿದೆಯಾ ಅಂತ ಒಂದು ಸಲ ಕೇಳಿಕೊಳ್ಳಿ.