ನೇಪಾಳ ಗಡಿಯ ಕಾಳಿ ನದಿಯಲ್ಲಿ ಕನೂ: 4 ದಿನ ಸಾಕಾ?

ತುಮಕೂರು ಹುಟ್ಟು:
ದಾಂಡೇಲಿಯ ಕಾಳಿ ಅಲ್ಲ, ಉತ್ತರಾಖಂಡದ್ದು. ಮಾರ್ಚ್ ಮೊದಲ ವಾರ ನಾಲ್ಕು ಜನ, ಎರಡು ತೆರೆದ ಕನೂ (ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರುದೋಣಿ). ಜೌಲಜೀಬಿಯಲ್ಲಿ ನೀರಿಗಿಳಿದು ಟನಕಪುರದ ಮೇಲಿರುವ ಬೂಮ್‌ನಲ್ಲಿ ದಡ ಹತ್ತುವುದು, ಹೆಚ್ಚುಕಮ್ಮಿ 115 ಕಿ.ಮೀ. ದಿನಕ್ಕೆ 30ರಂತೆ 4 ದಿನ ಅಂತ ಲೆಕ್ಕ. ಎಲ್ಲರಿಗೂ ಈಜು ಬರುತ್ತೆ, ಅಭ್ಯಾಸ ಮಾತ್ರ ಮಾರ್ಕೋನಹಳ್ಳಿ ಹಿನ್ನೀರಿನಲ್ಲಿ. ದೋಣಿ ಇಲ್ಲಿಂದಲೇ ಒಯ್ಯಬಹುದಾ?

ಪಿನಾಕಿನಿ ಮರಳು (ಚಿಕ್ಕಬಳ್ಳಾಪುರ):
ನಾಲ್ಕು ಸಾಲದು, ಆರು ಇಟ್ಟುಕೊಳ್ಳಿ. ಸೆಳವು ಜೋರಾಗೇ ಇರುತ್ತೆ, ಹೊತ್ತು ಹೋಗುವುದು ದಡದಲ್ಲಿ. ಕಲ್ಲುಗಳ ನಡುವೆ ನೀರು ನೊರೆಯೆದ್ದು ಧುಮುಕುವ, ಕೊನೆ ಕಾಣದ ಪ್ರತಿ ರ‍್ಯಾಪಿಡ್‌ಗೂ ಮೊದಲೇ ದಡ ಹಿಡಿದು ನಡೆದು ನೋಡಬೇಕು. ಒಂದು ದೋಣಿ ಇಳಿಯುವಾಗ ಇನ್ನೊಂದರವರು ಕೆಳಗೆ ಹಗ್ಗ ಹಿಡಿದು ನಿಲ್ಲಬೇಕು. ಒಂದೊಂದಕ್ಕೂ ಮುಕ್ಕಾಲು ಗಂಟೆ ಹಿಡಿಯಿರಿ.

ಪಂಚೇಶ್ವರದಲ್ಲಿ ಬಲಗಡೆಯಿಂದ ಸರಯೂ ಸೇರುತ್ತೆ. ಅಲ್ಲಿಂದ ಕೆಳಗೆ ಅದೇ ನದಿ ಅನ್ನೋ ಹಾಗಿಲ್ಲ, ನೀರೂ ಅಲೆಯೂ ದೊಡ್ಡವು. ಮುಂದಿನ ಚೂಕಾ ರ‍್ಯಾಪಿಡ್ 4ನೇ ದರ್ಜೆಯದು, ಅಂದರೆ ಆರರ ಅಳತೆಯಲ್ಲಿ ಬಲು ಕಷ್ಟದ್ದು. ತೆರೆದ ಕನೂವಿನಲ್ಲಿ ಅದನ್ನು ಇಳಿಯಲೇಬೇಡಿ. ದಡದಿಂದ ಹಗ್ಗ ಕಟ್ಟಿ ಇಳಿಸಿ, ಇಲ್ಲ ಹೊತ್ತು ದಾಟಿಸಿ. ಅದಕ್ಕೇ ಅರ್ಧ ದಿನ. ಬೂಮ್ ತಪ್ಪಿಸಿಕೊಂಡರೆ ಮುಂದೆ ಬ್ಯಾರೇಜ್, ನೆನಪಿರಲಿ.

ಟೆಂಟ್ ನೀರಿನ ಮಟ್ಟಕ್ಕಿಂತ ಕನಿಷ್ಠ 2 ಮೀಟರ್ ಎತ್ತರದಲ್ಲಿ. ಮೇಲೆ ಧೌಲಿಗಂಗಾ ವಿದ್ಯುತ್ ಕೇಂದ್ರ ಇದೆ, ಅದು ನೀರು ಬಿಟ್ಟರೆ ಮಳೆಯಿಲ್ಲದೆಯೂ ಹೊಳೆ ಏರುತ್ತೆ. ಸಂಜೆ ನೀರಂಚಿಗೆ ಒಂದು ಕಡ್ಡಿ ನೆಟ್ಟು ಮಲಗುವ ಮುಂಚೆ ನೋಡಿ. ದೋಣಿ ಮೇಲೆಳೆದು ಮರಕ್ಕೋ ಬಂಡೆಗೋ ಕಟ್ಟಿ.

ಹರಿಗೋಲು:
ಈಜು ಬರುತ್ತೆ ಅನ್ನೋದರ ಮೇಲೇ ನನ್ನ ತಕರಾರು. ಕೆರೆ ಈಜುಗಾರ ಹೊಳೆಗೆ ಬಿದ್ದ ಕೂಡಲೇ ಎದ್ದು ನಿಲ್ಲಲು ನೋಡುತ್ತಾನೆ. ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ಸೆಳವು ಮುಖ ಕೆಳಗೆ ಮಾಡಿ ಅದುಮಿಬಿಡುತ್ತೆ, ಸೊಂಟದಷ್ಟು ನೀರಿನಲ್ಲೂ. ಮೊಣಕಾಲಿಗಿಂತ ಕಡಿಮೆ ನೀರು ಬರುವವರೆಗೆ ಬೆನ್ನ ಮೇಲೆ ಮಲಗಿ, ಪಾದ ಮುಂದಕ್ಕೆ ಚಾಚಿ ತೇಲಿ. ಮಗುಚಿದ ದೋಣಿಯ ಕೆಳಹರಿವಿನ ಕಡೆ ಎಂದೂ ಇರಬೇಡಿ. 250 ಲೀಟರ್ ನೀರು ತುಂಬಿತೆಂದರೆ 250 ಕೆ.ಜಿ. ತೂಕ, ನಿಮ್ಮನ್ನು ಬಂಡೆಗೆ ಒತ್ತಿದರೆ ಬಿಡಿಸಲಾಗದು. ಅದಕ್ಕೇ ಹಿಂದೆ ಮುಂದೆ ಏರ್‌ಬ್ಯಾಗ್ ತುರುಕಿ ನೀರಿಗೆ ಜಾಗವೇ ಕೊಡಬಾರದು.

ದೋಣಿಗೊಂದು 15–20 ಮೀಟರ್ ತೇಲುವ ಹಗ್ಗದ ಥ್ರೋ ಬ್ಯಾಗ್ (ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ), ತಲೆಗೊಂದು ಹೆಲ್ಮೆಟ್, ಲೈಫ್ ಜಾಕೆಟ್‌ಗೆ ಚಾಕು. ಹಗ್ಗವನ್ನು ಯಾರೂ ಮೈಗೆ ಸುತ್ತಿಕೊಳ್ಳಬಾರದು. ಹತ್ತಿ ಬಟ್ಟೆ ಬೇಡ, ಹಿಮದ ನೀರು, 3 ಮಿ.ಮೀ. ದಪ್ಪದ, ಮೈ ಬೆಚ್ಚಗಿಡುವ ರಬ್ಬರ್ ವೆಟ್‌ಸೂಟ್ ಬೇಕು.

ಹೊರಡುವ ಮುಂಚೆ ಎರಡು ದಿನ ದಾಂಡೇಲಿಯ ಹರಿವ ನೀರಿನಲ್ಲಿ ಎಡ್ಡಿ (ಬಂಡೆಯ ಹಿಂದೆ ನೀರು ತಿರುಗಿ ನಿಧಾನವಾಗುವ ಜಾಗ) ಹಿಡಿಯುವುದು, ಬಿದ್ದು ಈಜುವುದು ಕಲಿಯಿರಿ. ಮಾರ್ಕೋನಹಳ್ಳಿಯಲ್ಲಿ ಕೆರೆ ತುಂಬಿದಾಗ ಕಟ್ಟೆಯಿಂದ ದೂರ ಇರಿ, ಅಲ್ಲಿನ ಹೆಚ್ಚಾದ ನೀರು ಹೊರಹಾಕುವ ಸೈಫನ್‌ಗಳು ತಾವಾಗೇ ಎಳೆಯಲು ಶುರುಮಾಡುತ್ತವೆ.

ಬೆಲ್ಲ ಹುರಿಹಿಟ್ಟು (ಕೋಲಾರ):
5 ಮೀಟರ್ ಪ್ಲಾಸ್ಟಿಕ್ ಕನೂ ರೈಲಿಗೆ ಹತ್ತದು. ತಳದ ತೂತಿನಿಂದ ತಾನೇ ನೀರು ಬಿಡುವ ಗಾಳಿ ತುಂಬುವ ಕನೂ ಒಯ್ಯಿರಿ. ಜೊತೆಗೆ ಪಂಪ್, ತೇಪೆ, ಗೋಂದು, ಒಂದು ವಾಲ್ವ್, ದೋಣಿಗೊಂದು ಹೆಚ್ಚುವರಿ ಹುಟ್ಟು. ಬಿಸಿಲಿಗೆ ದಡದಲ್ಲಿ ಬಿಟ್ಟರೆ ಸ್ವಲ್ಪ ಗಾಳಿ ತೆಗೆಯಿರಿ, ಇಲ್ಲದಿದ್ದರೆ ಹೊಲಿಗೆ ಬಿಡುತ್ತೆ.

ಸಾಮಾನು ಹೊರಲು ಗೈಡ್ ಸಮೇತ ಒಂದು ರಾಫ್ಟ್ (ಗಾಳಿ ತುಂಬಿದ ದೊಡ್ಡ ತೆಪ್ಪ) ಗೊತ್ತುಮಾಡಿ. ಖಾಲಿ ಕನೂ ಹೇಳಿದ ಹಾಗೆ ತಿರುಗುತ್ತೆ. ಊಟಕ್ಕೆ ತಲೆಗೆ ದಿನಕ್ಕೆ 700 ಗ್ರಾಂ ಒಣಪದಾರ್ಥ ಸಾಕು. ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ ಇದ್ದರೆ ಬೆಳಗ್ಗೆ ಒಲೆ ಹಚ್ಚೋದೇ ಬೇಡ. ಹೊಳೆ ನೀರನ್ನು ರಾತ್ರಿಯೇ ಬಕೆಟ್‌ನಲ್ಲಿಟ್ಟು ತಿಳಿಯಾದ ಮೇಲೆ ಸೋಸಿ, ಕುದಿಸಿ. ನೇರ ಸೋಸಿದರೆ ಹೂಳಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಎಡದಂಡೆ ನೇಪಾಳ. ಟೆಂಟ್ ಬಲದಂಡೆಯಲ್ಲೇ ಹಾಕಿ, ಗುರುತಿನ ಚೀಟಿ ಡ್ರೈ ಬ್ಯಾಗ್‌ನಲ್ಲಿರಲಿ, ಹೊರಡುವಾಗ ಗಡಿ ಕಾಯುವ ಎಸ್‌ಎಸ್‌ಬಿ ಠಾಣೆಗೆ ಹೆಸರು, ದಿನ ಬರೆದುಕೊಡಿ.

ತುಮಕೂರು ಹುಟ್ಟು:
ಆರು ದಿನ ರಜೆ ಸಿಗದಿದ್ದರೆ?

ಪಿನಾಕಿನಿ ಮರಳು:
ಪಂಚೇಶ್ವರದಲ್ಲೇ ದಡ ಹತ್ತಿಬಿಡಿ. ಚೂಕಾ ಇನ್ನೊಂದು ವರ್ಷಕ್ಕೆ.