ಭಾಗಮಂಡಲ ಸಿಗುತ್ತೆ, ಮಡಿಕೇರಿ ಸಿಗಲ್ಲ! ಕನ್ನಡ ಫೋಲ್ಡರ್ ಹೆಸರಿನ ತಲೆನೋವು

ಮಳೆಲೆಕ್ಕ (ನಾಪೋಕ್ಲು ಹತ್ತಿರ)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟುಹೋಗಿದೆ, ಯಾರಾದರೂ ಬಿಡಿಸಿ ಹೇಳಿ.

ನಮ್ಮ ದೊಡ್ಡಪ್ಪ ತುಂಬಾ ವರ್ಷದಿಂದ ಮಳೆ ಬರೆದಿಡುತ್ತಾರೆ. ತೋಟದವರಿಗೆ ಗೊತ್ತಲ್ವಾ, ಇಂಚು-ಸೆಂಟ್ ಲೆಕ್ಕ (ಒಂದು ಇಂಚಿಗೆ 100 ಸೆಂಟ್). ನಮ್ಮ ತೋಟದ್ದು ಮಾತ್ರ ಅಲ್ಲ, ನೆಂಟರು ಫೋನಲ್ಲಿ ಹೇಳಿದ್ದನ್ನೂ ಸೇರಿಸಿ ಊರಿಗೊಂದು ಫೋಲ್ಡರ್, ವರ್ಷಕ್ಕೊಂದು ಫೈಲ್. ಹೆಸರೆಲ್ಲಾ ಕನ್ನಡದಲ್ಲೇ. ಅವರ ಹಳೇ ಮ್ಯಾಕ್ ಇನ್ನೇನು ಕೈ ಕೊಡುತ್ತೆ ಅನ್ನೋ ಹೊತ್ತಿಗೆ ಎಲ್ಲವನ್ನೂ ಆರ್‌ಸಿಂಕ್ (ಫೈಲ್ ನಕಲು ಮಾಡೋ ಟೂಲ್) ಮಾಡಿ ನನ್ನ ಉಬುಂಟು ಲಿನಕ್ಸ್‌ಗೆ ತಂದುಕೊಂಡೆ.

ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಊರು, ವರ್ಷ ಕೊಟ್ಟರೆ ತಿಂಗಳ ಮಳೆ ಕೂಡಿಸಿ ತೋರಿಸಬೇಕು. ಮೊದಲು ನೋಡಬೇಕು ಅನ್ನಿಸಿದ್ದು ಮಡಿಕೇರಿಯ 2018ರ ಆಗಸ್ಟ್. "ಅಂಥ ಫೋಲ್ಡರ್ ಇಲ್ಲ" ಅನ್ನುತ್ತೆ! ಕಣ್ಣೆದುರಿಗೇ ಇದೆ ಮಾರಾಯ್ರೆ. ಭಾಗಮಂಡಲ ಕೊಟ್ಟರೆ ಸರಿಯಾಗಿ ಬರುತ್ತೆ. ಕುಶಾಲನಗರ, ಶಾಂತಳ್ಳಿ ಕೂಡ ಬರುತ್ತೆ. ಮಡಿಕೇರಿ, ವಿರಾಜಪೇಟೆ, ನಾಪೋಕ್ಲು, ಸೋಮವಾರಪೇಟೆ ಬರಲ್ಲ. ಕಾಗುಣಿತ ಹತ್ತು ಸಲ ನೋಡಿದೆ.

ಕರಿಮೆಣಸು

ಲೊಕೇಲ್ (ಸಿಸ್ಟಂನ ಭಾಷೆ-ಅಕ್ಷರದ ಸೆಟ್ಟಿಂಗ್) ಯುಟಿಎಫ್-8 ಇದೆಯಾ ನೋಡಿ, ಅಕ್ಷರಗಳನ್ನು ಬೈಟ್ ಆಗಿ ಬರೆಯೋ ರೀತಿ ಅದು. ನನಗೂ ಒಂದು ಸರ್ವರ್‌ನಲ್ಲಿ ಹೀಗೇ ಆಗಿತ್ತು, ಅದನ್ನು ಸರಿ ಮಾಡಿದ ಮೇಲೆ ಹೋಯಿತು.

ಮಳೆಲೆಕ್ಕ

ಯುಟಿಎಫ್-8ರಲ್ಲೇ ಇದೆ ಅಣ್ಣ. ಅಲ್ಲದೆ ಲೊಕೇಲ್ ಕೆಟ್ಟಿದ್ದರೆ ಭಾಗಮಂಡಲಾನೂ ಕೆಡಬೇಕಿತ್ತಲ್ವಾ? ಇನ್ನೊಂದು ವಿಚಿತ್ರ: ಟರ್ಮಿನಲ್‌ನಲ್ಲಿ "ಮಡಿ" ಅಂತ ಹೊಡೆದು ಟ್ಯಾಬ್ ಒತ್ತಿದರೆ ಹೆಸರು ತಾನೇ ಪೂರ್ತಿಯಾಗಿ ಫೋಲ್ಡರ್ ತೆರೆಯುತ್ತೆ. "ಮಡಿಕೇ" ತನಕ ಹೊಡೆದು ಟ್ಯಾಬ್ ಒತ್ತಿದರೆ ಸುಮ್ನೆ ಕೂರುತ್ತೆ.

ಒತ್ತಕ್ಷರ

ಟ್ಯಾಬ್ ವಿಷಯ ಹೇಳಿದ್ದು ಒಳ್ಳೇದಾಯ್ತು, ಉತ್ತರ ಅದರಲ್ಲೇ ಇದೆ. ನಿಮಗೆ ಸಿಗದ ಊರುಗಳನ್ನು ಮತ್ತೆ ಓದಿ. ಮಡಿಕೇರಿ, ವಿರಾಜಪೇಟೆ, ನಾಪೋಕ್ಲು, ಸೋಮವಾರಪೇಟೆ. ಎಲ್ಲದರಲ್ಲೂ ಏತ್ವವೋ ಓತ್ವವೋ ದೀರ್ಘವಾಗಿದೆ. ಭಾಗಮಂಡಲದಲ್ಲಿ ಅದಿಲ್ಲ.

ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡೋ ಪದ್ಧತಿ) "ೇ" ಬರೆಯೋಕೆ ಎರಡು ದಾರಿ. ಒಂದೇ ಕೋಡ್ ಆಗಿ 0ಸಿಸಿ7, ಇಲ್ಲವಾದರೆ "ೆ" ಜೊತೆಗೆ ದೀರ್ಘದ ಚಿಹ್ನೆ. "ೋ" ಅಂತೂ ಬಿಡಿಸಿದರೆ ಮೂರು ತುಂಡು. "ೊ", "ೀ", "ೈ" ಕೂಡ ಬಿಡಿಸಿಕೊಳ್ಳುತ್ತವೆ, ಹಾಗಾಗಿ ನಮ್ಮ "ಕೊಡಗು" ಕೂಡ ಬಚಾವಾಗಲ್ಲ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕೂಡಿಸಿದ್ದಕ್ಕೆ ಎನ್‌ಎಫ್‌ಸಿ, ಬಿಡಿಸಿದ್ದಕ್ಕೆ ಎನ್‌ಎಫ್‌ಡಿ ಅಂತಾರೆ. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಆರ್‌ಸಿಂಕ್ ಆ ಬೈಟ್‌ಗಳನ್ನು ಹಾಗೇ ಹೊತ್ತು ತಂತು. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಂಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ನಿಮ್ಮ ಕೀಬೋರ್ಡ್ ಕಳಿಸೋದು ಕೂಡಿಸಿದ್ದು. "ಮಡಿ" ತನಕ ಎರಡೂ ಒಂದೇ, "ಕೇ" ಬಂದ ಕೂಡಲೇ ದಾರಿ ಬೇರೆಯಾಗುತ್ತೆ, ಟ್ಯಾಬ್ ಸತ್ತುಹೋಗುತ್ತೆ.

ನಂಬಿಕೆ ಬರದಿದ್ದರೆ ಪೈಥಾನ್‌ನಲ್ಲಿ ಉದ್ದ ಅಳೆಯಿರಿ. ನೀವು ಟೈಪ್ ಮಾಡಿದ ನಾಪೋಕ್ಲು 8 ಬರಬೇಕು, ಡಿಸ್ಕಿನದು 10. ಬೈಟ್ ಲೆಕ್ಕದಲ್ಲಿ 24 ಮತ್ತು 30, ಕನ್ನಡದ ಒಂದೊಂದು ಕೋಡ್‌ಗೂ ಯುಟಿಎಫ್-8ರಲ್ಲಿ 3 ಬೈಟ್ ಆಗೋದರಿಂದ.

ಮಳೆಲೆಕ್ಕ

8 ಮತ್ತು 10! ಹಾಗಾದರೆ ಎಲ್ಲಾ ಫೋಲ್ಡರಿನ ಹೆಸರನ್ನೂ ಬದಲಾಯಿಸಿಬಿಡಲಾ?

ಬೈಟ್‌ಬೈರ

ಬೇಡ, ಅವಸರ ಮಾಡಬೇಡಿ. ದೊಡ್ಡಪ್ಪನ ಲೆಕ್ಕ ಅದು. ಮೊದಲು ಸ್ಕ್ರಿಪ್ಟ್ ಸರಿ ಮಾಡಿ. ಟೈಪ್ ಮಾಡಿದ ಹೆಸರನ್ನು ನೇರ ಪಾತ್‌ಗೆ, ಅಂದರೆ ಫೋಲ್ಡರ್ ವಿಳಾಸಕ್ಕೆ, ಅಂಟಿಸೋದು ಬಿಡಿ. ಫೋಲ್ಡರ್‌ಗಳ ಪಟ್ಟಿ ತೆಗೆಯಿರಿ, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್‌ನಿಂದ ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ ಮಾಡಿ ಹೋಲಿಸಿ. ಹೊಂದಿದರೆ ಡಿಸ್ಕ್ ಕೊಟ್ಟ ಹೆಸರಿನಿಂದಲೇ ತೆರೆಯಿರಿ, ನೀವು ಕೂಡಿಸಿದ ಹೆಸರಿನಿಂದ ಅಲ್ಲ. ಇಲ್ಲೇ ಜಾಸ್ತಿ ಜನ ಎಡವೋದು. ಎರಡು ಫೋಲ್ಡರ್ ಹೊಂದಿಕೊಂಡರೆ ಯಾವುದೋ ಒಂದನ್ನು ಆರಿಸದೆ ತಪ್ಪು ತೋರಿಸಿ ನಿಲ್ಲಿಸಿ.

ಬದಲಾಯಿಸಲೇಬೇಕು ಅಂದರೆ ಕಾನ್ವ್‌ಎಂವಿ ಅನ್ನೋ ಟೂಲ್ ಇದೆ. ಸುಮ್ನೆ ಓಡಿಸಿದರೆ ಏನು ಬದಲಾಗುತ್ತೆ ಅಂತ ತೋರಿಸುತ್ತೆ ಅಷ್ಟೇ, ನೋಟೆಸ್ಟ್ ಆಯ್ಕೆ ಕೊಟ್ಟರೆ ಮಾತ್ರ ನಿಜವಾಗಿ ಬದಲಾಯಿಸೋದು. ನನಗಂತೂ ಆ ಅಭ್ಯಾಸ ತುಂಬಾ ಇಷ್ಟ.

ಕರಿಮೆಣಸು

ಲೊಕೇಲ್ ಅಂದಿದ್ದಕ್ಕೆ ನಾಚಿಕೆ ಆಗ್ತಿದೆ :) ವಿಂಡೋಸ್‌ನಲ್ಲೂ ಓಡಿಸೋದಿದ್ದರೆ ಒಂದು ಮಾತು. ಪರದೆ ಮೇಲೆ ಕನ್ನಡ ಸರಿಯಾಗಿ ಬಂದು, ಅದೇ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದಾಗ ಚಾರ್‌ಮ್ಯಾಪ್ ಎರರ್ ಬಂದರೆ ಗಾಬರಿ ಬೇಡ. ತಿರುಗಿಸಿದಾಗ ಪೈಥಾನ್ ಹಳೇ ಕೋಡ್ ಪೇಜ್ (ಅಕ್ಷರಗಳ ಪಟ್ಟಿ) ಹಿಡಿಯುತ್ತೆ, ಸಾಮಾನ್ಯವಾಗಿ 1252, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಪೈಥಾನ್‌ಯುಟಿಎಫ್8 ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಡಿ. 3.7ರಿಂದ ಇದೆ.

ಮಳೆಲೆಕ್ಕ

ಬಂತು! ಮಡಿಕೇರಿ, ನಾಪೋಕ್ಲು ಎಲ್ಲಾ ಬಂತು. ದೊಡ್ಡಪ್ಪ ಪಕ್ಕದಲ್ಲೇ ಕೂತು ಆಗಸ್ಟ್ ಮೊತ್ತವನ್ನು ಡೈರಿ ಜೊತೆ ತಾಳೆ ನೋಡುತ್ತಿದ್ದಾರೆ. "ಎಸ್ಟೇಟ್ ಮಳೆ" ಅನ್ನೋ ಒಂದು ಫೋಲ್ಡರ್ ಮಾತ್ರ ಈಗಲೂ ಸಿಗುತ್ತಿಲ್ಲ. ಅಳೆದರೆ ಡಿಸ್ಕಿನದು ಒಂದೇ ಒಂದು ಜಾಸ್ತಿ ಬರುತ್ತೆ, ಎನ್‌ಎಫ್‌ಸಿ ಮಾಡಿದ ಮೇಲೂ.

ಒತ್ತಕ್ಷರ

"ಟ್" ಆದ ಮೇಲೆ ಕಾಣದ ಒಂದು 200ಸಿ ಕೂತಿರಬೇಕು. ಒತ್ತು ಕೂಡಿಕೊಳ್ಳದ ಹಾಗೆ ತಡೆಯೋ ಅಕ್ಷರ, ಕೆಲವು ಕೀಬೋರ್ಡ್‌ಗಳಲ್ಲಿ ಗೊತ್ತಿಲ್ಲದೇ ಬಿದ್ದುಬಿಡುತ್ತೆ. ಎನ್‌ಎಫ್‌ಸಿ ಅದನ್ನು ಮುಟ್ಟಲ್ಲ. ಹೋಲಿಸುವಾಗ ಮಾತ್ರ ತೆಗೆದುಹಾಕಿ, ಡಿಸ್ಕಿನಲ್ಲಿ ಇದ್ದಲ್ಲೇ ಇರಲಿ.

ಮಳೆಲೆಕ್ಕ

ಅದೇ ಆಗಿತ್ತು. ಈಗ ದೊಡ್ಡಪ್ಪನ ತಕರಾರು ಬೇರೆ, ಜುಲೈನಲ್ಲಿ 40 ಸೆಂಟ್ ಕಮ್ಮಿ ಬರ್ತಿದೆಯಂತೆ. ಅದು ನನ್ನ ಕೂಡಿಸೋ ತಪ್ಪು, ನಾನೇ ನೋಡ್ಕೋತೀನಿ.