ಯಾವ ದಿನ ಬಿಡುಗಡೆಯಾಗುತ್ತಾರೋ ಗೊತ್ತಿಲ್ಲದ ಮಕ್ಕಳಿಗೆ ಎಚ್‌ಐವಿ ತಡೆಯ ಪಾಠ ಹೇಗಿರಬೇಕು?

ನೇಸರ
ಬಾಲನ್ಯಾಯ ವ್ಯವಸ್ಥೆಯ ವಸತಿಗೃಹದಲ್ಲಿರುವ 14ರಿಂದ 17 ವಯಸ್ಸಿನ ಹುಡುಗರಿಗೆ ಎಚ್‌ಐವಿ ತಡೆಯ ಪಾಠ ಸಿದ್ಧಪಡಿಸಬೇಕಿದೆ. ಕೈಯಲ್ಲಿರುವುದು ಎಂಟು ವಾರದ ಪಠ್ಯ. ಆದರೆ ಕೆಲವರು ನಾಲ್ಕೇ ದಿನಕ್ಕೆ ಹೊರಟುಬಿಡುತ್ತಾರೆ, ಕೆಲವರು ತಿಂಗಳುಗಟ್ಟಲೆ ಇರುತ್ತಾರೆ. ಓದು ಬಾರದವರೂ ಇದ್ದಾರೆ. ಕಾವಲು ಸಿಬ್ಬಂದಿ ಕೋಣೆಯೊಳಗೇ ನಿಂತಿರುತ್ತಾರೆ. ಮೊದಲ ತರಗತಿಯಲ್ಲಿ ಏನು ಇರಲೇಬೇಕು? ಬಾಯಿ ಬಿಡದವರಿಂದ ಪ್ರಶ್ನೆ ಹೊರಡಿಸುವುದು ಹೇಗೆ? ಪಾಠ ಮುಗಿದ ಕೂಡಲೇ ರಕ್ತಪರೀಕ್ಷೆ ಇಟ್ಟುಕೊಳ್ಳಬಹುದೇ?

ಹೊಂಗಿರಣ
ಎಂಟು ವಾರದ ಸರಪಳಿಯನ್ನು ಮೊದಲು ಬಿಚ್ಚಿಹಾಕಿ. ಯಾವ ತರಗತಿಗೆ ಬಂದು ಕೂತರೂ ಪೂರ್ತಿ ಅರ್ಥವಾಗಬೇಕು, ಹೋದವಾರ ಹೇಳಿದ್ದನ್ನು ನೆಚ್ಚಿಕೊಳ್ಳಬಾರದು. 8ರಿಂದ 10 ಮಂದಿ, 45 ನಿಮಿಷ. ಅದಕ್ಕಿಂತ ಹೆಚ್ಚಾದರೆ ಗಮನ ಚದುರುತ್ತದೆ.

ಮೊದಲ ತರಗತಿಯ ಮೊದಲ ಮಾತೇ ಗೋಪ್ಯತೆಯ ಮಿತಿ. ಯಾವುದನ್ನು ನೀವು ಯಾರಿಗೂ ಹೇಳುವುದಿಲ್ಲ, ಯಾವುದನ್ನು ಕಾನೂನಿನ ಪ್ರಕಾರ ವರದಿ ಮಾಡಲೇಬೇಕು ಎಂಬುದು ಹುಡುಗರು ಬಾಯಿ ಬಿಡುವ ಮುಂಚೆ ಗೊತ್ತಿರಬೇಕು. ಮನಸ್ಸು ಬಿಚ್ಚಿ ಹೇಳಿಕೊಂಡ ಮೇಲೆ ಮಿತಿ ತಿಳಿದರೆ ಅದು ಅವರಿಗೆ ಮೋಸ, ಆಮೇಲೆ ಇಡೀ ಗುಂಪು ನಿಮ್ಮನ್ನು ನಂಬುವುದಿಲ್ಲ.

ನಂತರ ಸೋಂಕು ಸಾಗಿಸುವ ದ್ರವಗಳು: ರಕ್ತ, ವೀರ್ಯ, ಯೋನಿದ್ರವ, ಗುದದ್ವಾರದ ದ್ರವ, ಎದೆಹಾಲು. ಉಗುಳು, ಬೆವರು, ಕಣ್ಣೀರು ಈ ಪಟ್ಟಿಯಲ್ಲಿಲ್ಲ. ಇದನ್ನು ಭಾಷಣ ಮಾಡಬೇಡಿ. ಚಿತ್ರವಿರುವ 12 ಕಾರ್ಡ್ ಕೊಟ್ಟು ‘ಅಪಾಯವಿಲ್ಲ’, ‘ಸ್ವಲ್ಪ’, ‘ಹೆಚ್ಚು’ ಎಂಬ ಮೂರು ಸಾಲಿನಲ್ಲಿ ಜೋಡಿಸಲು ಹೇಳಿ. ಒಂದೇ ತಟ್ಟೆಯ ಊಟ, ಸೊಳ್ಳೆ ಕಡಿತ, ಒಂದೇ ಶೌಚಾಲಯ, ಒಂದೇ ಸೂಜಿಯಲ್ಲಿ ಹಚ್ಚೆ, ಹಂಚಿಕೊಂಡ ಸಿರಿಂಜ್, ಹಂಚಿಕೊಂಡ ಬ್ಲೇಡ್, ಕಾಂಡೋಮ್ ಇಲ್ಲದ ಸಂಭೋಗ, ಇವೆಲ್ಲ ಬರಲಿ. ಪ್ರತಿ ಕಾರ್ಡಿಗೂ ‘ಯಾವ ದ್ರವ, ಯಾವ ದಾರಿಯಿಂದ ಒಳಹೋಯಿತು?’ ಎಂದು ಕೇಳಿ. ಈ ಪ್ರಶ್ನೆ ರೂಢಿಯಾದರೆ ಕಾರ್ಡಿನಲ್ಲಿಲ್ಲದ ಸಂದರ್ಭವನ್ನೂ ಅವರೇ ಅಳೆಯುತ್ತಾರೆ.

ಹಚ್ಚೆ, ಬ್ಲೇಡ್ ಕಾರ್ಡುಗಳ ಮೇಲೆ ಹೆಚ್ಚು ಹೊತ್ತು ನಿಲ್ಲಿ. ಗೋಡೆಯೊಳಗೂ ನಡೆಯಬಹುದಾದದ್ದು ಅದು. ಎಚ್‌ಐವಿ ದೇಹದ ಹೊರಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಆದರೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಬಲ್ಲದು. ಅದಕ್ಕೆ ಲಸಿಕೆಯಿದೆ, ಒಳಗಿದ್ದಾಗಲೇ ಶುರುಮಾಡಿಸಬಹುದು.

ಕೈಕುಲುಕಿ ‘ಸೋಂಕು’ ಹರಡಿಸುವ ಆಟ ಮಾತ್ರ ಬೇಡ. ಮುಟ್ಟಿದರೆ ಬರುತ್ತದೆ ಎಂಬ ತಪ್ಪು ಕಲ್ಪನೆಯನ್ನೇ ಅದು ಗಟ್ಟಿಮಾಡುತ್ತದೆ. ‘ಮೊದಲ ಸೋಂಕಿತ’ನಾದ ಹುಡುಗನಿಗೆ ಅಡ್ಡಹೆಸರು ಅಂಟಿಕೊಳ್ಳುವುದು ಇನ್ನೊಂದು ಕೇಡು.

ಇಬ್ಬನಿ
ಪ್ರಶ್ನೆಪೆಟ್ಟಿಗೆ ಇಡಿ, ಆದರೆ ಪ್ರಶ್ನೆ ಇದ್ದವರಷ್ಟೇ ಬರೆದರೆ ಯಾರು ಬರೆದರೆಂದು ಎಲ್ಲರಿಗೂ ಕಾಣುತ್ತದೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ಸಿಲ್. ಪ್ರಶ್ನೆ ಇಲ್ಲದವರು ‘ಇಲ್ಲ’ ಎಂದು ಬರೆದು ಹಾಕಲಿ. ಬರೆಯಲು ಬಾರದವರು ಗುರುತು ಹಾಕುವಂಥ ಚಿತ್ರಚೀಟಿಯನ್ನೇ ಎಲ್ಲರಿಗೂ ಕೊಡಿ. ಸಾಮಾನ್ಯವಾಗಿ ಬರುವ ನಾಲ್ಕೈದು ಪ್ರಶ್ನೆಗಳನ್ನು ನೀವೂ ಬೆರೆಸಿ. ಬರೆದವರ ಮಾತಿನ ಧಾಟಿಯೇ ಗುರುತು ಕೊಡುತ್ತದೆ, ಹಾಗಾಗಿ ನಿಮ್ಮ ಮಾತಿನಲ್ಲಿ ಓದಿ. ಓದುವ ಮೊದಲು ಎಲ್ಲವನ್ನೂ ಒಮ್ಮೆ ಕಣ್ಣಾಡಿಸಿ. ದೌರ್ಜನ್ಯದ ಸುಳಿವಿರುವ ಚೀಟಿ ಗುಂಪಿನ ಮುಂದೆ ಬರಬಾರದು.

ಕಾವಲಿನವರು ಗಾಜಿನ ಬಾಗಿಲಾಚೆ ನಿಲ್ಲುವಂತೆ ಕೇಳಿ. ಕಣ್ಣಿಗೆ ಕಾಣಲಿ, ಕಿವಿಗೆ ಬೀಳದಿರಲಿ. ಆ ಸಿಬ್ಬಂದಿಗೇ ಇದೇ ಪಾಠ ಮೊದಲು ಆಗಬೇಕು. ಇಲ್ಲದಿದ್ದರೆ ಊಟದ ಹೊತ್ತಿನಲ್ಲಿ ‘ಅವನ ಲೋಟ ಮುಟ್ಟಬೇಡ’ ಎಂಬ ಒಂದೇ ಮಾತು ನಿಮ್ಮ ಕೆಲಸವನ್ನೆಲ್ಲ ಅಳಿಸಿಹಾಕುತ್ತದೆ.

ಇಂಥ ಗುಂಪಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಇದ್ದೇ ಇದ್ದಾರೆ ಎಂದುಕೊಂಡೇ ಮಾತಾಡಿ, ಹುಡುಗರಲ್ಲೂ. ‘ಬೇಡ ಎನ್ನಲು ಕಲಿಯಿರಿ’ ಎಂದಷ್ಟೇ ಹೇಳಿದರೆ, ಬೇಡ ಎಂದರೂ ಕೇಳದವರ ಕೈಗೆ ಸಿಕ್ಕಿದ ಮಗುವಿಗೆ ತಪ್ಪು ತನ್ನದೇ ಎನಿಸುತ್ತದೆ. ಒಪ್ಪಿಗೆಯಿಲ್ಲದೆ ನಡೆದದ್ದು ನಿನ್ನ ತಪ್ಪಲ್ಲ ಎಂದು ಬಾಯಿಬಿಟ್ಟು ಹೇಳಿ. ಅಭಿನಯ ಮಾಡಿಸುವುದಾದರೆ ಒತ್ತಡ ಹೇರುವ ಪಾತ್ರ ದೊಡ್ಡವರೇ ಮಾಡಲಿ. ಸಂಗಾತಿ ಎಂದರೆ ಹುಡುಗಿಯೇ ಎಂದುಕೊಳ್ಳಬೇಡಿ.

ತಿಳಿಗೊಳ
ಪಾಠದ ಬೆನ್ನಿಗೇ ಪರೀಕ್ಷೆ ಬೇಡ. ಸಾಲಿನಲ್ಲಿ ಯಾರು ನಿಂತರು, ಯಾರನ್ನು ಮತ್ತೆ ಕರೆದರು ಎಂಬುದು ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ. ಒಳಬಂದಾಗ ಎಲ್ಲರಿಗೂ ನಡೆಯುವ ಆರೋಗ್ಯ ತಪಾಸಣೆಯಲ್ಲೇ ಇದನ್ನೂ ಸೇರಿಸಿ, ಒಪ್ಪಿದವರಿಗೆ ಮಾತ್ರ. ಫಲಿತಾಂಶ ಆರೋಗ್ಯ ಕಡತದಲ್ಲಿರಲಿ, ಪ್ರಕರಣದ ಕಡತಕ್ಕೆ ಹೋಗಕೂಡದು. ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಬಂದರೆ ಖಚಿತಪಡಿಸುವ ಪರೀಕ್ಷೆ ಆಗದೆ ‘ಸೋಂಕಿದೆ’ ಎನ್ನಬೇಡಿ. ಬಿಡುಗಡೆಯ ಹಿಂದಿನ ಸಂಜೆ ಫಲಿತಾಂಶ ಕೊಟ್ಟು ಕೈತೊಳೆದುಕೊಳ್ಳುವುದೂ ಸಲ್ಲದು.

ವಿಂಡೋ ಅವಧಿ, ಅಂದರೆ ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣದ ಆರಂಭದ ದಿನಗಳು, ವಿವರಿಸಲೇಬೇಕು. ಅಪಾಯದ ಘಟನೆ ನಡೆದ ಮೇಲೆ ಸೋಂಕು ಪತ್ತೆಯಾಗಲು ಪ್ರಯೋಗಾಲಯದ ಆಂಟಿಜನ್-ಆಂಟಿಬಾಡಿ ಪರೀಕ್ಷೆಯಲ್ಲಿ (ವೈರಾಣುವಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನೂ ಹುಡುಕುವಂಥದ್ದು) 18ರಿಂದ 45 ದಿನ, ಬೆರಳು ಚುಚ್ಚುವ ಆಂಟಿಬಾಡಿ ಪರೀಕ್ಷೆಯಲ್ಲಿ (ಪ್ರತಿಕಾಯವನ್ನಷ್ಟೇ ಹುಡುಕುವಂಥದ್ದು) 23ರಿಂದ 90 ದಿನ ಬೇಕಾಗುತ್ತದೆ. ಒಳಬಂದ ವಾರದ ‘ಇಲ್ಲ’ ಎಂಬ ಫಲಿತಾಂಶ ಹಿಂದಿನ ವಾರದ ಮಾತು ಹೇಳುವುದಿಲ್ಲ. ಮರುಪರೀಕ್ಷೆಯ ದಿನಾಂಕವನ್ನು ಬಿಡುಗಡೆಯ ಚೀಟಿಯಲ್ಲಿ ಬರೆದುಕೊಡಿ. ಆ ಚೀಟಿಯ ಮೇಲೆ ಎಚ್‌ಐವಿ ಎಂಬ ಪದ ಇರಬಾರದು, ಮನೆಯವರ ಕೈಗೆ ಸಿಗುತ್ತದೆ.

ಅಪಾಯದ ಘಟನೆಯ ನಂತರ ಸೋಂಕು ತಗುಲದಂತೆ ಕೊಡುವ ಪೆಪ್ ಮಾತ್ರೆಗಳ ಲೆಕ್ಕ ಎಲ್ಲರ ಬಾಯಿಪಾಠವಾಗಲಿ: 72 ಗಂಟೆಯೊಳಗೆ ಶುರು, 28 ದಿನ ತಪ್ಪದೆ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ರಾತ್ರಿ ಔಷಧ ಕಪಾಟಿನ ಕೀಲಿ ಯಾರ ಬಳಿ ಎಂಬುದನ್ನೂ ಈಗಲೇ ತೀರ್ಮಾನಿಸಿ. ಸೋಂಕಿರುವ ಮಗು ಎಆರ್‌ಟಿಯಲ್ಲಿ (ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಇದ್ದರೆ ನ್ಯಾಯಾಲಯಕ್ಕೆ ಹೋಗುವ ದಿನವೇ ಮಾತ್ರೆ ತಪ್ಪುವುದು. ಅಂದಿನ ಡೋಸ್ ಜೊತೆಗೆ ಕಳಿಸಿ. ತಪ್ಪದೆ ಮಾತ್ರೆ ತಿಂದು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ ಸಂಭೋಗದಿಂದ ಸಂಗಾತಿಗೆ ಹರಡದು. ಇದನ್ನು ಗುಂಪಿನಲ್ಲೇ ಹೇಳಿ, ಸುಮ್ಮನೆ ಕೂತು ಕೇಳುತ್ತಿರುವ ಒಬ್ಬನಿಗೆ ಅದು ಬೇಕಾಗಿರುತ್ತದೆ.

ನೇಸರ
ತುಂಬಾ ಉಪಕಾರವಾಯಿತು. ಇನ್ನೊಂದು ತೊಡಕು: ಕಾಂಡೋಮ್ ಒಳಗೆ ತರಲು ಅನುಮತಿ ಸಿಗುತ್ತಿಲ್ಲ.

ಹೊಂಗಿರಣ
ಮನವಿ ಬರೆಯುವಾಗ ಸ್ವಾತಂತ್ರ್ಯ ಕಳೆದುಕೊಂಡ ಬಾಲಕರ ರಕ್ಷಣೆಗಾಗಿ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ನಿಯಮಾವಳಿಯನ್ನು ಉಲ್ಲೇಖಿಸಿ. ರೋಗ ಬಾರದಂತೆ ತಡೆಯುವ ಆರೈಕೆಯೂ ಅವರಿಗೆ ಸಿಗಬೇಕೆಂದು ಅದರಲ್ಲಿದೆ. ಅನುಮತಿ ಬರುವ ತನಕ ಕಾಂಡೋಮ್ ಬಳಸುವ ಹಂತಗಳ ಚಿತ್ರಕಾರ್ಡುಗಳನ್ನು ಕಲೆಸಿ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿ: ದಿನಾಂಕ ನೋಡುವುದು, ಪೊಟ್ಟಣವನ್ನು ಹಲ್ಲಿನಿಂದಲ್ಲದೆ ಬೆರಳಿನಿಂದ ಹರಿಯುವುದು, ತುದಿ ಹಿಂಡಿ ಗಾಳಿ ತೆಗೆಯುವುದು, ಬುಡದವರೆಗೆ ಬಿಡಿಸುವುದು, ಮುಗಿದ ಮೇಲೆ ಬುಡ ಹಿಡಿದೇ ಹೊರತೆಗೆಯುವುದು, ಗಂಟು ಹಾಕಿ ಕಸಕ್ಕೆ ಎಸೆಯುವುದು. ತಪ್ಪುಗಳಿಗೂ ಬೇರೆ ಕಾರ್ಡ್ ಮಾಡಿ: ತಲೆಕೆಳಗಾಗಿ ಇಟ್ಟದ್ದನ್ನೇ ತಿರುಗಿಸಿ ಬಳಸುವುದು, ಎರಡನ್ನು ಒಟ್ಟಿಗೆ ಹಾಕುವುದು, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚುವುದು. ಎಣ್ಣೆಯಂಶ ಕಾಂಡೋಮಿನ ರಬ್ಬರನ್ನು (ಲೇಟೆಕ್ಸ್) ಸಡಿಲಗೊಳಿಸಿ ಹರಿಯುವಂತೆ ಮಾಡುತ್ತದೆ, ಹಾಗಾಗಿ ನೀರಿನಾಧಾರದ ಜೆಲ್ಲೇ ಬೇಕು.